ನೀಟಾಗಿ ಬಟ್ಟೆ ಹಾಕಿಕೊಂಡರೆ ಯಾರೂ ಅನುಮಾನಿಸುವುದಿಲ್ಲವೇ?

ಮಕ್ಕಳು ಓದಲು ಅಮೆರಿಕಕ್ಕೆ ಹೊರಟರೆ ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ. "ಹುಡಿ ಹಾಕ್ಕೊಂಡು ರಾತ್ರಿ ಓಡಾಡಬೇಡ, ಕೂದಲು ನೀಟಾಗಿ ಇಟ್ಕೋ, ಪೊಲೀಸರು ತಡೆಯಲ್ಲ." ಈ ಮಾತು ಎಷ್ಟು ನಿಜ?

ಅರ್ಧ ನಿಜ. ಒಬ್ಬ ವ್ಯಕ್ತಿ ಮಾಡಿದ ಕೆಲಸ ನೋಡದೆ, ಅವರ ಜನಾಂಗ ನೋಡಿ ಅನುಮಾನಿಸುವುದಕ್ಕೆ 'ರೇಷಿಯಲ್ ಪ್ರೊಫೈಲಿಂಗ್' ಎನ್ನುತ್ತಾರೆ. ಇದರಲ್ಲಿ ಬಟ್ಟೆಯ ಪಾತ್ರ ಇದೆ. 2011ರಲ್ಲಿ 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಸಂಶೋಧಕರು ಕಂಪ್ಯೂಟರಿನಲ್ಲಿ ಬಿಳಿಯರ ಮುಖವನ್ನು ಹಂತಹಂತವಾಗಿ ಕಪ್ಪು ಜನರ ಮುಖವಾಗಿ ಬದಲಿಸಿದರು. ಅದೇ ಮುಖಕ್ಕೆ ಒಮ್ಮೆ ಕೋಟು-ಟೈ ತೊಡಿಸಿದರು, ಇನ್ನೊಮ್ಮೆ ಕ್ಲೀನಿಂಗ್ ಕೆಲಸದವರ ಸಮವಸ್ತ್ರ. ನೋಡಿದವರು ಕೋಟು ತೊಟ್ಟ ಮುಖವನ್ನು ಬಿಳಿಯರದ್ದೆಂದೂ ಸಮವಸ್ತ್ರದ ಮುಖವನ್ನು ಕಪ್ಪು ಜನರದ್ದೆಂದೂ ಗುರುತಿಸುವ ಸಾಧ್ಯತೆ ಹೆಚ್ಚಿತ್ತು. ಮುಖ ಎರಡರ ನಡುವೆ ಇದ್ದಷ್ಟೂ ಬಟ್ಟೆಯ ಪ್ರಭಾವ ಜಾಸ್ತಿ. ಅಂದರೆ ಬಟ್ಟೆ ನೋಡಿ ಕಣ್ಣು ಜನಾಂಗವನ್ನೇ ಊಹಿಸುತ್ತದೆ!

ಇನ್ನು ಸುಳ್ಳಿರುವ ಅರ್ಧ. ಒಂದೇ ಬಟ್ಟೆ ಎಲ್ಲರ ಮೈಮೇಲೆ ಒಂದೇ ಅರ್ಥ ಕೊಡುವುದಿಲ್ಲ. 2012ರ ಫೆಬ್ರವರಿ 26ರಂದು ಫ್ಲೋರಿಡಾದ ಸ್ಯಾನ್‌ಫೋರ್ಡ್‌ನಲ್ಲಿ 17 ವರ್ಷದ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್ ಹುಡಿ ತೊಟ್ಟು, ಅಂಗಡಿಯಿಂದ ಮಿಠಾಯಿ ಕೊಂಡು ಬರುತ್ತಿದ್ದ. ಅವನನ್ನು ಅನುಮಾನಿಸಿ ಹಿಂಬಾಲಿಸಿದ ಬಡಾವಣೆಯ ಕಾವಲು ಸ್ವಯಂಸೇವಕನೊಬ್ಬ ಗುಂಡಿಟ್ಟು ಕೊಂದ. ಆತ್ಮರಕ್ಷಣೆ ಎಂಬ ವಾದದ ಮೇಲೆ 2013ರಲ್ಲಿ ಆತ ಖುಲಾಸೆಯಾದ. ಸಾವಿಗೆ ಹುಡಿಯೂ ಅಷ್ಟೇ ಕಾರಣ ಎಂದು ಟಿವಿ ನಿರೂಪಕ ಜೆರಾಲ್ಡೊ ರಿವೇರಾ ಹೇಳಿ, ಆಮೇಲೆ ಕ್ಷಮೆ ಕೇಳಬೇಕಾಯಿತು. ಅದೇ 2012ರ ಮೇ ತಿಂಗಳಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಹೂಡಿಕೆದಾರರ ಸಭೆಗೆ ಹುಡಿ ಹಾಕಿಕೊಂಡೇ ಹೋದರು. ಅವರ ಮೇಲೆ ಬಂದ ಆರೋಪ ಏನು ಗೊತ್ತೇ? 'ಇನ್ನೂ ಪ್ರಬುದ್ಧತೆ ಬಂದಿಲ್ಲ' ಎಂಬುದು, ಅಷ್ಟೇ.

ಸರಿ, ಸೂಟು ಹಾಕಿದರೆ? ಟಿಮ್ ಸ್ಕಾಟ್ ಅಮೆರಿಕದ ಸೆನೆಟರ್, ಕಪ್ಪು ಜನಾಂಗದವರು. ಚುನಾಯಿತ ಪ್ರತಿನಿಧಿಯಾಗಿದ್ದಾಗಲೇ ಒಂದೇ ವರ್ಷದಲ್ಲಿ ಪೊಲೀಸರು ತಮ್ಮನ್ನು 7 ಬಾರಿ ತಡೆದಿದ್ದಾರೆ ಎಂದು 2016ರ ಜುಲೈನಲ್ಲಿ ಸೆನೆಟ್‌ನಲ್ಲೇ ಹೇಳಿದರು. ಒಮ್ಮೆ ಸಂಸತ್ ಕಟ್ಟಡದ ಕಾವಲಿನವರು, ಕೋಟಿನ ಮೇಲಿನ ಸೆನೆಟರ್ ಪಿನ್ ಗುರುತಿಸಿಯೂ ಐಡಿ ಕಾರ್ಡ್ ಕೇಳಿದರಂತೆ. ಅದಕ್ಕಿಂತ ನೀಟಾದ ಡ್ರೆಸ್ ಇನ್ನಾವುದಿದೆ?

ಕೂದಲಿನ ಕಥೆ ಇನ್ನೂ ಕಷ್ಟದ್ದು. ಆಫ್ರಿಕನ್ ಮೂಲದ ಅನೇಕರಿಗೆ ಹುಟ್ಟಿನಿಂದಲೇ ದಟ್ಟ ಗುಂಗುರು ಕೂದಲು. ಅದನ್ನು ಹಾಗೇ ಬಿಟ್ಟರೆ ಅಥವಾ ಸಣ್ಣ ಜಡೆಗಳಾಗಿ ಹೆಣೆದರೆ 'ಆಫೀಸಿಗೆ ತಕ್ಕದ್ದಲ್ಲ' ಎನ್ನುವವರಿದ್ದಾರೆ. 2020ರಲ್ಲಿ ಪ್ರಕಟವಾದ ಕ್ರಿಸ್ಟಿ ಕೋವಲ್ ಮತ್ತು ಆ್ಯಶ್ಲೀ ರೋಸೆಟ್ ಅವರ ಅಧ್ಯಯನದಲ್ಲಿ, ಸಹಜ ಕೂದಲಿನ ಕಪ್ಪು ಮಹಿಳೆಯರಿಗೆ ನೇರ ಮಾಡಿಸಿದ ಕೂದಲಿನವರಿಗಿಂತ ಕಡಿಮೆ ಅಂಕ ಸಿಕ್ಕಿತು. ಕನ್ಸಲ್ಟಿಂಗ್ ಕೆಲಸಕ್ಕೆ ಈ ತಾರತಮ್ಯ ಕಂಡಿತು, ಜಾಹೀರಾತು ಕೆಲಸಕ್ಕೆ ಕಾಣಲಿಲ್ಲ.

'ಹಾಗಾದರೆ ನೇರ ಮಾಡಿಸಿಕೊಳ್ಳಲಿ ಬಿಡಿ' ಎನ್ನುವುದು ಸುಲಭ. ಆದರೆ ಅದಕ್ಕೆ ಬಳಸುವ ರಾಸಾಯನಿಕಗಳ ಬಗ್ಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಸುಮಾರು 33,500 ಮಹಿಳೆಯರ ಮಾಹಿತಿಯ ಪ್ರಕಾರ, ಇವನ್ನು ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಸಾಧ್ಯತೆ 1.64%. ಪದೇ ಪದೇ ಬಳಸುವವರಲ್ಲಿ 4.05%. ಇದು ನಂಟು ಮಾತ್ರ, ಈ ರಾಸಾಯನಿಕಗಳೇ ಕಾರಣ ಎಂಬುದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಕೆಲಸ ಸಿಗಲೆಂದು ಹೊರಬೇಕಾದ ಅಪಾಯ ಇದು ಎಂದರೆ ನಮಗೆ ಅನ್ಯಾಯವೆಂದೇ ಅನಿಸುತ್ತದೆ.

ಕಾನೂನೂ ಇಲ್ಲೇ ಎಡವಿತು. ಅಲಬಾಮಾದಲ್ಲಿ ಡ್ರೆಡ್‌ಲಾಕ್ಸ್ ತೆಗೆಸಲು ಒಪ್ಪದ ಮಹಿಳೆಗೆ ಸಿಕ್ಕ ಕೆಲಸ ಕೈತಪ್ಪಿತ್ತು. ಕೇಶವಿನ್ಯಾಸ ಬದಲಾಯಿಸಬಹುದಾದದ್ದು, ಹಾಗಾಗಿ ಇದು ಜನಾಂಗ ತಾರತಮ್ಯವಲ್ಲ ಎಂದು 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. 2019ರಲ್ಲಿ ಕ್ಯಾಲಿಫೋರ್ನಿಯಾ ಇಂಥ ತಾರತಮ್ಯ ನಿಷೇಧಿಸಿದ ಮೊದಲ ರಾಜ್ಯವಾಯಿತು. ಬಳಿಕ ಇನ್ನೂ ಹಲವು ರಾಜ್ಯಗಳು ಅದೇ ದಾರಿ ಹಿಡಿದವು.

ನಮ್ಮವರಿಗೂ ಇದು ದೂರದ ಮಾತಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕ್ ಮಾಲೀಕ ಬಲ್ಬೀರ್ ಸಿಂಗ್ ಸೋಧಿ ಅವರನ್ನು, ಪೇಟ ಮತ್ತು ಗಡ್ಡ ನೋಡಿ ಅರಬ್ ಎಂದು ತಿಳಿದು ಕೊಂದರು. ಇತ್ತ ಬೆಂಗಳೂರಿನಲ್ಲಿ, 2016ರ ಜನವರಿ 31ರಂದು ಹೆಸರಘಟ್ಟದ ಬಳಿ ಸುಡಾನ್ ಪ್ರಜೆಯೊಬ್ಬನ ಕಾರು ಮಹಿಳೆಯೊಬ್ಬರ ಮೇಲೆ ಹರಿಯಿತು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಗೆ ಜನ ಹೊಡೆದು, ಆಕೆ ಬಂದ ಕಾರಿಗೆ ಬೆಂಕಿ ಇಟ್ಟರು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಆಕೆ ಅಂದು ಏನು ತೊಟ್ಟಿದ್ದರೂ ಆ ಗುಂಪು ಬಿಡುತ್ತಿರಲಿಲ್ಲ.