ಎರಡು ಮಣ್ಣು, ಒಂದು ಬಟ್ಟಲು



ಮಗಳಿಗೆ ಬಂದ ಮೂರು ರಿಶ್ತಾಗಳೂ ‘ಹುಡುಗಿ ಕಪ್ಪು’ ಎಂದು ಮುರಿದುಬಿದ್ದವು, ಯಾವ ಕ್ರೀಮು ಹಚ್ಚಿಸಲಿ ಎಂದು ತಾಯಿಯೊಬ್ಬರು ಕೇಳಿದ್ದಾರೆ. ಕ್ರೀಮಿನ ಹೆಸರು ನಾನು ಬರೆಯುವುದಿಲ್ಲ. ಬಿಳುಪಿನ ಕ್ರೀಮು ಹಚ್ಚಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2023ರಲ್ಲಿ ನೆರೆಯ ಕೇರಳದಲ್ಲೇ ಪತ್ತೆಯಾದವು. ಇಂದು ಮಣ್ಣಿನ ವಿಷಯ ಬರೆಯುತ್ತೇನೆ.

ನಂಜನಗೂಡಿನಿಂದ ತಿ.ನರಸೀಪುರದವರೆಗೆ ಹೊಲಗಳನ್ನು ನೋಡಿ. ಒಂದೆಡೆ ಕೆಮ್ಮಣ್ಣು, ಇನ್ನೊಂದೆಡೆ ಕರಿಯ ಎರೆಮಣ್ಣು. ನಂಜನಗೂಡು ರಸಬಾಳೆಗೆ ಆ ರುಚಿ ಬಂದದ್ದು ಕರಿಮಣ್ಣಿನಿಂದಲೇ ಎನ್ನುತ್ತಾರೆ. ಮಡಕೆ ಮಾಡುವವರಿಗೂ ಒಂದೇ ಮಣ್ಣು ಸಾಲದು. ಬರೀ ಅಂಟು ಜೇಡಿಯಾದರೆ ಒಣಗುವಾಗ ಸೀಳುತ್ತದೆ. ಬರೀ ಮರಳುಮಣ್ಣಾದರೆ ತಿಗರಿಯ ಮೇಲೆ ನಿಲ್ಲುವುದಿಲ್ಲ.

ಎರಡು ಬಣ್ಣದ ಜೇಡಿಯನ್ನು ಕಲಸಿಬಿಡದೆ, ಒಂದರ ಪಕ್ಕ ಒಂದು ಕಾಣುವಂತೆ ಸೇರಿಸುವ ಕಲೆಯೂ ಇದೆ. ಜಪಾನಿನಲ್ಲಿ ಇದಕ್ಕೆ ನೆರಿಯಾಗೆ ಎನ್ನುತ್ತಾರೆ. ಪದರ ಪದರವಾಗಿ ಒತ್ತಿ, ಕತ್ತರಿಸಿ, ಜೋಡಿಸಿ ಬಟ್ಟಲು ಮಾಡುತ್ತಾರೆ. ನೋಡಲು ಚಂದ, ಮಾಡಲು ಕಷ್ಟ. ಹೆಚ್ಚು ನೀರು ಕುಡಿದ ಜೇಡಿ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಬಿರುಕು ಬರುವುದು ಎರಡೂ ಸೇರುವ ಜಾಗದಲ್ಲೇ. ಆದ್ದರಿಂದ ಎರಡನ್ನೂ ಒಂದೇ ಹದಕ್ಕೆ ತರಬೇಕು. ಸೇರುವಲ್ಲಿ ಗೀರು ಹಾಕಿ ತೆಳು ಜೇಡಿ ಸವರಬೇಕು. ಒದ್ದೆ ಬಟ್ಟೆ ಹೊದಿಸಿ ನಿಧಾನವಾಗಿ ಒಣಗಿಸಬೇಕು. ಇಷ್ಟು ತಾಳ್ಮೆಯಿದ್ದರೆ ಬಣ್ಣ ಯಾವುದಾದರೂ ತೊಂದರೆಯಿಲ್ಲ.

ಪವಿತ್ರ ಕುರ್‌ಆನಿನ ಅರ್‍ರಹ್ಮಾನ್ ಅಧ್ಯಾಯವು ಮನುಷ್ಯನ ಸೃಷ್ಟಿಯನ್ನು ಹೇಳುವಾಗ ಮಡಕೆಯ ಮಣ್ಣನ್ನು ಹೋಲಿಕೆಗೆ ತರುತ್ತದೆ. ಅಲ್‌ಹಿಜ್ರ್ ಅಧ್ಯಾಯದಲ್ಲಂತೂ ಕರಿಯ ಕೆಸರಿನ ಪ್ರಸ್ತಾಪವೇ ಇದೆ. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿರುವ ಒಂದು ಹದೀಸ್‌ನ ಸಾರ ಹೀಗಿದೆ: ಅಲ್ಲಾಹನು ಆದಮ್(ಅ)ರನ್ನು ಇಡೀ ಭೂಮಿಯಿಂದ ತೆಗೆದ ಒಂದು ಹಿಡಿ ಮಣ್ಣಿನಿಂದ ಸೃಷ್ಟಿಸಿದನು, ಆದ್ದರಿಂದ ಅವರ ಸಂತತಿಯಲ್ಲಿ ಕೆಂಪು, ಬಿಳಿ, ಕಪ್ಪು, ನಡುವಿನ ಬಣ್ಣದವರಿದ್ದಾರೆ, ಮೃದು ಸ್ವಭಾವದವರೂ ಒರಟರೂ ಇದ್ದಾರೆ. ಹುಡುಗಿ ನೋಡಲು ಹೋಗುವ ನಮ್ಮ ಫೂಫಿ, ಖಾಲಾಗಳು ಈ ಕೊನೆಯ ಮಾತನ್ನು ವಿಚಾರಿಸುವುದೇ ಇಲ್ಲ! ಹುಡುಗನ ಒರಟುತನ ನಿಕಾಹ್ ಆದ ಮೇಲಷ್ಟೇ ತಿಳಿಯುತ್ತದೆ. ಹುಡುಗಿಯ ಮೈಬಣ್ಣ ಬಾಗಿಲಲ್ಲೇ ಕಾಣುತ್ತದೆ.

ಕಪಿಲೆ ಕಾವೇರಿಯನ್ನು ಸೇರುವ ತಿ.ನರಸೀಪುರದಲ್ಲಿ ನಡೆದ ಉತ್ಖನನದ ವರದಿಯನ್ನು ಎಂ. ಶೇಷಾದ್ರಿಯವರು 1971ರಲ್ಲಿ ಪ್ರಕಟಿಸಿದರು. ಅಲ್ಲಿ ಸಿಕ್ಕ ಹಳೆಯ ಮಡಕೆಗಳಲ್ಲಿ ಕಪ್ಪು-ಕೆಂಪು ಬಗೆಯವೂ ಇವೆ. ಹೊರಮೈ ಕೆಂಪು, ಒಳಗೂ ಬಾಯಿಯಂಚೂ ಕಪ್ಪು. ನೋಡಿದವರು ಎರಡು ಜೇಡಿ ಎಂದುಕೊಳ್ಳಬೇಕು, ಹಾಗಿರುತ್ತವೆ. ಆದರೆ ಜೇಡಿ ಒಂದೇ. ಬೋರಲಿಟ್ಟು ಸುಟ್ಟಾಗ ಗಾಳಿ ತಾಗಿದ ಮೈ ಕೆಂಪಾಯಿತು, ಗಾಳಿ ಸಿಗದೆ ಹೊಗೆ ಕುಡಿದ ಮೈ ಕಪ್ಪಾಯಿತು.