ಪಂಕ್ ಹಾಡಿನಲ್ಲಿ ಶಾಸ್ತ್ರದ ಮಾತು: ‘ಸಫರ್’ ಆಲ್ಬಮ್ ಕುರಿತು

ಪ್ರತಿಭಟನೆಯ ಹಾಡು ಆಡುಮಾತಿನಲ್ಲಿಯೇ ಇರಬೇಕು, ಪಾರಿಭಾಷಿಕ ಪದ ಬಂದೊಡನೆ ಅದು ಕೇಳುಗರಿಂದ ದೂರವಾಗುತ್ತದೆ ಎಂಬ ಗ್ರಹಿಕೆ ನಮ್ಮ ವಿಮರ್ಶೆಯಲ್ಲಿ ಬಹುಮಟ್ಟಿಗೆ ಪ್ರಶ್ನಾತೀತವಾಗಿ ಉಳಿದಿದೆ. ಇದನ್ನು ಮರುಪರಿಶೀಲಿಸಲು ಕನ್ನಡದ ಹೊರಗಿನ ಒಂದು ನಿದರ್ಶನ ನೆರವಾಗಬಲ್ಲದು. ಅಮೆರಿಕದ ಲಾಸ್ ಏಂಜಲೀಸ್‌ನ ‘ಬ್ಯಾಡ್ ರಿಲಿಜನ್’ ತಂಡ 1988ರಲ್ಲಿ ಹೊರತಂದ ‘ಸಫರ್’ ಎಂಬ ಪಂಕ್ ರಾಕ್ ಆಲ್ಬಮ್ ಅಂತಹುದು.

1970ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ರೂಪುಗೊಂಡ ಪಂಕ್, ಕೆಲವೇ ಸ್ವರಮೇಳಗಳು, ವೇಗ ಮತ್ತು ಸಿಟ್ಟನ್ನು ಬಂಡವಾಳವಾಗಿಸಿಕೊಂಡಿತ್ತು. ರಾಮೋನ್ಸ್, ಬಜ್‌ಕಾಕ್ಸ್ ತಂಡಗಳಲ್ಲಿ ರಾಗದ ಇಂಪೂ ಇತ್ತೆಂಬುದು ನಿಜ. ಆದರೆ 1980ರ ದಶಕದ ಆರಂಭದಲ್ಲಿ ಬಂದ ‘ಹಾರ್ಡ್‌ಕೋರ್’ ಶಾಖೆಯಲ್ಲಿ ಹಾಡುವುದಕ್ಕಿಂತ ಅರಚುವುದೇ ಪ್ರಾಮಾಣಿಕತೆಯ ಗುರುತೆನಿಸಿತು. ಬ್ಯಾಡ್ ರಿಲಿಜನ್ 1983ರಲ್ಲಿ ಕೀಬೋರ್ಡ್ ಬಳಸಿ, ನಿಧಾನಗತಿಯ ದೀರ್ಘ ಹಾಡುಗಳ ಆಲ್ಬಮ್ ಮಾಡಿದಾಗ ಅದರ ಅನುಯಾಯಿಗಳೇ ಅದನ್ನು ತಿರಸ್ಕರಿಸಿದರು. ಆ ಪೆಟ್ಟಿನ ಅನಂತರ ಬಂದ ‘ಸಫರ್’ನಲ್ಲಿ 15 ಹಾಡುಗಳಿವೆ, ಒಟ್ಟು ಅವಧಿ ಸುಮಾರು 26 ನಿಮಿಷ.

ಇದರ ನಾದವಿನ್ಯಾಸ ಎರಡು ಗತಿಗಳ ಮೇಲೆ ನಿಂತಿದೆ. ಡ್ರಮ್ ಇಮ್ಮಡಿ ವೇಗದಲ್ಲಿ ಧಾವಿಸುತ್ತದೆ, ಗಿಟಾರುಗಳು ಅದಕ್ಕೆ ಒರಟು ಶ್ರುತಿಯ ಗೋಡೆ ಕಟ್ಟುತ್ತವೆ. ಗ್ರೆಗ್ ಗ್ರಾಫಿನ್ ಅವರ ಕಂಠ ಮಾತ್ರ ಈ ಓಟಕ್ಕೆ ಸಿಕ್ಕಿಬೀಳದೆ, ಪಲ್ಲವಿಯ ಸ್ವರಗಳನ್ನು ನೀಳವಾಗಿ ಎಳೆದು ಹಾಡುತ್ತದೆ. ಅದರ ಹಿಂದೆ ಸಹಗಾಯಕರ ಆಕಾರ, ಊಕಾರಗಳ ಮೇಳ ಚರ್ಚಿನ ಸ್ತುತಿಗೀತೆಯನ್ನು ನೆನಪಿಸುತ್ತದೆ. ತಂಡದ ಹೆಸರನ್ನು ಗಮನಿಸಿದರೆ ಇದು ವಿಪರ್ಯಾಸವೇ ಸರಿ.

ಈ ನೀಳ ಸ್ವರಗಳೇ ಕಠಿಣ ಪದಗಳಿಗೆ ಎಡೆಮಾಡಿಕೊಡುತ್ತವೆ ಎಂಬುದು ನನ್ನ ವಾದ. ಗ್ರಾಫಿನ್ ಮತ್ತು ಗಿಟಾರ್ ವಾದಕ ಬ್ರೆಟ್ ಗುರೆವಿಟ್ಜ್ ಬರೆದ ಈ ಹಾಡುಗಳಲ್ಲಿ ವಿಜ್ಞಾನ ಮತ್ತು ಸಮಾಜಶಾಸ್ತ್ರದ ಬಹ್ವಕ್ಷರ ಪದಗಳು ಧಾರಾಳವಾಗಿ ಬರುತ್ತವೆ. ಹದಿನಾಲ್ಕನೆಯ ಹಾಡಿನ ಶೀರ್ಷಿಕೆಯಲ್ಲಿರುವ ‘ಇಂಡೆಕ್ಸ್ ಫಾಸಿಲ್’ ಭೂವಿಜ್ಞಾನದ ಪರಿಭಾಷೆ. ಅಲ್ಪಕಾಲ ಬದುಕಿ, ವಿಶಾಲ ಪ್ರದೇಶದಲ್ಲಿ ಹರಡಿದ್ದ ಜೀವಿಯ ಪಳೆಯುಳಿಕೆಯಿಂದ ಶಿಲಾಪದರದ ವಯಸ್ಸನ್ನು ನಿರ್ಧರಿಸುತ್ತಾರೆ. ಅಂತಹ ಪಳೆಯುಳಿಕೆಗೆ ಈ ಹೆಸರು. ಮನುಷ್ಯಕುಲದ ಹಸಿವು, ದುಂದುಗಳನ್ನು ಕುರಿತ ಹಾಡಿಗೆ ಈ ಪದವನ್ನು ತಲೆಬರಹವಾಗಿಸಿದಾಗ, ಎಲ್ಲೆಡೆ ಹರಡಿಯೂ ಬಹುಕಾಲ ಬಾಳದ ಜೀವಿ ನಾವೇ ಎಂಬ ಧ್ವನಿ ಹೊಮ್ಮುತ್ತದೆ. ಇಷ್ಟನ್ನು ಹೇಳಲು ಆಡುಮಾತಿನಲ್ಲಿ ಒಂದು ಪುಟ ಬೇಕಾಗುತ್ತಿತ್ತು. ಪದದ ಅರ್ಥ ತಿಳಿಯದ ಹದಿಹರೆಯದವನೂ ಮೊದಲು ರಾಗವನ್ನು ಕಲಿಯುತ್ತಾನೆ, ನಿಘಂಟು ಆಮೇಲೆ. ನಮ್ಮ ತತ್ತ್ವಪದಗಳಲ್ಲಿ ಯೋಗಶಾಸ್ತ್ರದ ಪರಿಭಾಷೆ ಅನಕ್ಷರಸ್ಥರ ನಾಲಿಗೆಯಲ್ಲಿಯೂ ಉಳಿದುಬಂದದ್ದು ಬೇರಾವ ಬಲದಿಂದ?

ಮಿತಿಗಳೂ ಇವೆ. ತಾಳದ ಏಕತಾನತೆಯಿಂದಾಗಿ ಉತ್ತರಾರ್ಧದ ಕೆಲವು ಹಾಡುಗಳು ಒಂದರೊಳಗೊಂದು ಕರಗಿಹೋಗುತ್ತವೆ. ಅಲ್ಲಲ್ಲಿ ಅಮೂರ್ತ ಪದಗಳು ಕಾವ್ಯವಾಗದೆ ಉಪನ್ಯಾಸದ ಟಿಪ್ಪಣಿಯಂತೆ ಉಳಿಯುತ್ತವೆ. ಆದರೆ ಈ ಸಾಹಿತ್ಯವನ್ನು ಕಾಗದದ ಮೇಲಷ್ಟೇ ಓದಿ ‘ಶುಷ್ಕ’ ಎನ್ನುವವರ ತೀರ್ಮಾನವನ್ನು ಒಪ್ಪಲಾಗದು. ಹಾಡುಗಳನ್ನು ಕುರಿತ ನಮ್ಮ ಸಂಪ್ರಬಂಧಗಳಲ್ಲಿಯೂ ಪಠ್ಯವನ್ನು ಮುದ್ರಿಸಿ, ಮಟ್ಟನ್ನು ಅಡಿಟಿಪ್ಪಣಿಗೆ ತಳ್ಳುವ ಪರಿಪಾಠವಿದೆ. ಪದ ಕಠಿಣವೋ ಸುಲಭವೋ ಎಂಬುದನ್ನು ಅದು ಯಾವ ಸ್ವರದ ಮೇಲೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಬಿಟ್ಟು ನಿರ್ಣಯಿಸುವುದು ಹೇಗೆ?

ಗ್ರಾಫಿನ್ 2003ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. 2006ರಲ್ಲಿ ಅವರು ಅಮೆರಿಕದ ಹಳೆಯ ಜನಪದ ಗೀತೆಗಳನ್ನೂ ಒಳಗೊಂಡ ‘ಕೋಲ್ಡ್ ಆ್ಯಸ್ ದ ಕ್ಲೇ’ ಎಂಬ ಆಲ್ಬಮ್ ಹೊರತಂದರು. ಅಲ್ಲಿನ ಸ್ವರಸಂಚಾರವನ್ನು ಕೇಳಿದ ಮೇಲೆ ‘ಸಫರ್’ನ ಪಲ್ಲವಿಗಳಿಗೆ ಮರಳಿದರೆ, ಡ್ರಮ್ಮಿನ ಅಬ್ಬರದ ಕೆಳಗೆ ಅದೇ ನಡಿಗೆ ಕೇಳಿಸುತ್ತದೆ.