ಮನವಿಪತ್ರಗಳಿಂದ ಇತಿಹಾಸ ಉಳಿಯದು

ಪಠ್ಯಪುಸ್ತಕದಲ್ಲಿ ಜೈನಧರ್ಮದ ಕುರಿತು ಒಂದು ತಪ್ಪು ಸಾಲು ಕಂಡೊಡನೆ ನಮ್ಮ ಸಂಘಗಳು ಮಂತ್ರಿಗಳಿಗೆ ಮನವಿ ಸಲ್ಲಿಸುತ್ತವೆ. ಆದರೆ ಆ ಸಾಲನ್ನು ಆಧಾರಸಹಿತ ಖಂಡಿಸಬಲ್ಲ ವಿದ್ವಾಂಸರನ್ನು ಬೆಳೆಸಲು ಮುಂದಾಗುವುದಿಲ್ಲ. ವಿದ್ಯಾರ್ಥಿವೇತನವೆಲ್ಲ ಬಹುಪಾಲು ವೈದ್ಯಕೀಯ, ಇಂಜಿನಿಯರಿಂಗ್, ಸಿ.ಎ. ಓದುವವರಿಗೇ ಸಲ್ಲುತ್ತದೆ.

ಜೈನಧರ್ಮವು ಬೌದ್ಧಧರ್ಮದ ಶಾಖೆಯಲ್ಲವೆಂದು 1879ರಲ್ಲಿ ಕಲ್ಪಸೂತ್ರದ ಪೀಠಿಕೆಯಲ್ಲಿ ಪ್ರತಿಪಾದಿಸಿದವರು ಜರ್ಮನಿಯ ಹರ್ಮನ್ ಯಾಕೋಬಿ. ಶ್ರವಣಬೆಳಗೊಳದವೂ ಸೇರಿದಂತೆ ಜೈನ ಶಾಸನಗಳ ಸೂಚಿಯನ್ನು ಗೆರಿನೊ 1908ರಲ್ಲಿ ಪ್ರಕಟಿಸಿದ್ದು ಫ್ರೆಂಚಿನಲ್ಲಿ. ಜೈನ ಸಿದ್ಧಾಂತವನ್ನು ಕುರಿತ ಶೂಬ್ರಿಂಗ್ ಅವರ 1935ರ ಜರ್ಮನ್ ಗ್ರಂಥ ಇಂಗ್ಲಿಷಿಗೆ ಬಂದುದು 1962ರಲ್ಲಿ. ಶಾಸನಗಳು ನಮ್ಮವು, ಶಾಸ್ತ್ರಗಳು ನಮ್ಮವು. ಅವುಗಳ ಕುರಿತ ವಿದ್ವತ್ತನ್ನು ಪರೀಕ್ಷಿಸುವ ಭಾಷೆ ಮಾತ್ರ ನಮ್ಮಲ್ಲಿಲ್ಲ.

ಭಾಷೆಯರಿಯದ ಇತಿಹಾಸಕಾರನು ಅನುವಾದಕ್ಕಾಗಿ ಕಾಯಬೇಕು; ಇತಿಹಾಸವರಿಯದ ಭಾಷಾಪಂಡಿತನಿಗೆ ಯಾವುದನ್ನು ಪ್ರಶ್ನಿಸಬೇಕೆಂಬುದೇ ತಿಳಿಯದು. ಆದುದರಿಂದ ಎರಡನ್ನೂ ಒಟ್ಟಿಗೆ ಕಲಿಯಬೇಕು. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಮತ್ತು ಆಧುನಿಕ ಭಾಷೆಗಳು ಸೇರಿ ನಾಲ್ಕು ವರ್ಷಗಳ ಒಂದೇ ಪದವಿ. ಅದರಲ್ಲಿ ಒಂದು ವರ್ಷ ಹೊರದೇಶದ ವಾಸ. ನಮ್ಮ ಯುಜಿಸಿಯೂ ಏಕಕಾಲಕ್ಕೆ ಎರಡು ಪದವಿಗಳ ವ್ಯಾಸಂಗಕ್ಕೆ 2022ರಲ್ಲಿ ಅನುಮತಿ ನೀಡಿದೆ. ಇನ್ನು ಸರ್ಕಾರವನ್ನು ದೂರುವುದರಲ್ಲಿ ಅರ್ಥವಿಲ್ಲ.

ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ಕೊಂಡಾಡುತ್ತೇವೆ. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರದಾನವೂ ಶ್ರಾವಕರ ಕರ್ತವ್ಯವಲ್ಲವೇ? ಪಂಚಕಲ್ಯಾಣದ ಸವಾಲಿನಲ್ಲಿ ಕೂಡುವ ಹಣದ ಒಂದು ಪಾಲನ್ನು ಇತಿಹಾಸದೊಡನೆ ಜರ್ಮನ್ ಅಥವಾ ಫ್ರೆಂಚ್ ಕಲಿಯುವ ಮಕ್ಕಳಿಗೆ ಮೀಸಲಿಡಿ. ಮನೆಯಲ್ಲಿ ಅವರಿಗೆ ಕನ್ನಡದ ಓದನ್ನೂ ಕಲಿಸಿ. ಮುಂದಿನ ತಪ್ಪು ಸಾಲಿಗೆ ಮನವಿಪತ್ರದ ಬದಲು ಒಂದು ಗ್ರಂಥವೇ ಉತ್ತರವಾಗಲಿ.